2147483647: ಇಂಟ್‌ನ ಗಡಿಯಲ್ಲಿ ಕೂತಿರೋ ಅವಿಭಾಜ್ಯ ಸಂಖ್ಯೆ

ಫಸ್ಟ್ ಇಯರ್ ಸಿ ಲ್ಯಾಬಿನಲ್ಲಿ ಫ್ಯಾಕ್ಟೋರಿಯಲ್ ಪ್ರೋಗ್ರಾಂ ಬರೆಯದೆ ಮುಂದೆ ಬಂದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. 12 ಕೊಟ್ಟರೆ 479001600 ಬರುತ್ತೆ, ಸರಿಯಾದ ಉತ್ತರ. 13 ಕೊಟ್ಟರೆ ನಮ್ಮ ಸಾಮಾನ್ಯ ಕಂಪ್ಯೂಟರ್‌ಗಳಲ್ಲಿ 1932053504 ಅಂತ ಬರುತ್ತೆ. ನಿಜವಾದ ಉತ್ತರ 6227020800. "ಇಂಟ್ ಓವರ್‌ಫ್ಲೋ ಆಗಿದೆ, ಲಾಂಗ್ ಲಾಂಗ್ ಹಾಕಿ" ಅಂತ ಯಾರೋ ಹೇಳ್ತಾರೆ, ನಾವು ಹಾಕ್ತೀವಿ, ರೆಕಾರ್ಡ್ ಬುಕ್ಕಿಗೆ ಸಹಿ ಬೀಳುತ್ತೆ. ಅಲ್ಲಿಗೆ ಆ ಗಡಿಯ ಮಾತು ಮುಗಿಯುತ್ತೆ.

ಆ ಗಡಿಯ ಹೆಸರು 2147483647. ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ನಾಲ್ಕು ಲಕ್ಷದ ಎಂಬತ್ಮೂರು ಸಾವಿರದ ಆರುನೂರ ನಲವತ್ತೇಳು. ನಾವೆಲ್ಲ ಇದನ್ನ ಬರೀ ಗಡಿಕಲ್ಲು ಅಂದುಕೊಂಡಿದ್ದೇವೆ. ಆದರೆ ಇದು ಒಂದು ಅವಿಭಾಜ್ಯ ಸಂಖ್ಯೆ. 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಇದು ನಿಶ್ಶೇಷವಾಗಿ ಭಾಗ ಆಗೋದಿಲ್ಲ. ಕಂಪ್ಯೂಟರ್ ಹುಟ್ಟೋದಕ್ಕೆ ಎಷ್ಟೋ ಮೊದಲು, 1772ರಲ್ಲೇ, ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿದ್ದ ಒಬ್ಬ ಗಣಿತಜ್ಞ ಇದನ್ನ ಸಾಬೀತು ಮಾಡಿದ್ದರು. ಹೇಗೆ ಮಾಡಿದರು, ಅದರಿಂದ ಇವತ್ತು ನಮಗೇನು ಉಪಯೋಗ ಅನ್ನೋದನ್ನ ಈ ಲೇಖನದಲ್ಲಿ ಹಂತ ಹಂತವಾಗಿ ನೋಡೋಣ. ಪಿಯುಸಿ ಗಣಿತ ನೆನಪಿದ್ದರೆ ಸಾಕು. ಪಕ್ಕದಲ್ಲಿ ಒಂದು ಪೆನ್ನು, ಕಾಗದ ಇರಲಿ.

ಗಡಿ ಎಲ್ಲಿಂದ ಬಂತು?

ಇಂಟ್‌ಗೆ 32 ಬಿಟ್ ಜಾಗ. ಅದರಲ್ಲಿ ಒಂದು ಬಿಟ್ ಧನವೋ ಋಣವೋ ಅಂತ ಹೇಳೋದಕ್ಕೆ ಹೋಗುತ್ತೆ. ಉಳಿದ 31 ಬಿಟ್‌ಗಳಲ್ಲೂ 1 ತುಂಬಿದರೆ ಸಿಗುವ ಸಂಖ್ಯೆಯೇ 2³¹ − 1, ಅಂದರೆ ನಮ್ಮ 2147483647.

ಹಾಗಾದರೆ ಬಿಟ್‌ಗಳೆಲ್ಲ 1 ಆದಾಗ ಬರುವ ಸಂಖ್ಯೆ ಯಾವಾಗಲೂ ಅವಿಭಾಜ್ಯವೇ? ಅಲ್ಲ. ನಾಲ್ಕು ಅಳತೆಗಳನ್ನ ಸಾಲಾಗಿ ಇಟ್ಟು ನೋಡಿ:

- 8 ಬಿಟ್: 2⁷ − 1 = 127. ಅವಿಭಾಜ್ಯ.
- 16 ಬಿಟ್: 2¹⁵ − 1 = 32767 = 7 × 31 × 151. ಅವಿಭಾಜ್ಯ ಅಲ್ಲ.
- 32 ಬಿಟ್: 2³¹ − 1 = 2147483647. ಅವಿಭಾಜ್ಯ.
- 64 ಬಿಟ್: 2⁶³ − 1 = 9223372036854775807. ಇದನ್ನ 7, 73, 127, 337 ಎಲ್ಲವೂ ಭಾಗಿಸುತ್ತವೆ.

ಇಲ್ಲಿ ಒಂದು ಸರಳ ನಿಯಮ ಇದೆ. ಘಾತಾಂಕವೇ ಒಡೆಯುವಂಥದ್ದಾದರೆ ಸಂಖ್ಯೆಯೂ ಒಡೆಯುತ್ತೆ. 15 = 3 × 5, ಹಾಗಾಗಿ 2¹⁵ − 1 ಅನ್ನು 2³ − 1 = 7 ಮತ್ತು 2⁵ − 1 = 31 ಎರಡೂ ಭಾಗಿಸುತ್ತವೆ. 63 = 7 × 9, ಹಾಗಾಗಿ 2⁷ − 1 = 127 ಅಲ್ಲಿ ಬರಲೇಬೇಕು. ಆದ್ದರಿಂದ 2^ಪ − 1 ಅವಿಭಾಜ್ಯ ಆಗಬೇಕಾದರೆ ಮೊದಲು ಪ ಅವಿಭಾಜ್ಯ ಆಗಿರಬೇಕು.

ಅಷ್ಟೇ ಸಾಕಾ ಅಂದರೆ ಸಾಲದು. 11 ಅವಿಭಾಜ್ಯ, ಆದರೆ 2¹¹ − 1 = 2047 = 23 × 89. ಇಂಥ ರೂಪದ ಅವಿಭಾಜ್ಯಗಳಿಗೆ ಫ್ರಾನ್ಸಿನ ಪಾದ್ರಿ ಮರಾಂ ಮರ್ಸೆನ್ ಅವರ ಹೆಸರಿದೆ. 1644ರಲ್ಲಿ ಅವರು 257ರ ವರೆಗೆ ಯಾವ ಯಾವ ಘಾತಾಂಕಕ್ಕೆ ಅವಿಭಾಜ್ಯ ಸಿಗುತ್ತೆ ಅಂತ ಒಂದು ಪಟ್ಟಿ ಕೊಟ್ಟರು. ಆ ಪಟ್ಟಿಯಲ್ಲಿದ್ದ 67 ಮತ್ತು 257 ತಪ್ಪು. 61, 89, 107 ಬಿಟ್ಟುಹೋಗಿದ್ದವು. 31 ಮಾತ್ರ ಸರಿಯಾಗಿತ್ತು. ಆದರೆ ಪಟ್ಟಿ ಮಾಡೋದು ಬೇರೆ, ಸಾಬೀತು ಮಾಡೋದು ಬೇರೆ ಅಲ್ವಾ? ಅದಕ್ಕೆ ಇನ್ನೂ ನೂರಿಪ್ಪತ್ತೆಂಟು ವರ್ಷ ಬೇಕಾಯ್ತು.

ಆಯ್ಲರ್ ಭಾಗಾಕಾರ ಉಳಿಸಿದ ರೀತಿ

ಒಂದು ಸಂಖ್ಯೆ ಅವಿಭಾಜ್ಯವೇ ಅಂತ ನೋಡೋಕೆ ನಮಗೆ ಶಾಲೆಯಲ್ಲಿ ಕಲಿಸಿದ ದಾರಿ, ವರ್ಗಮೂಲದ ವರೆಗಿನ ಅವಿಭಾಜ್ಯಗಳಿಂದ ಭಾಗಿಸುತ್ತಾ ಹೋಗೋದು. 2147483647ರ ವರ್ಗಮೂಲ 46340ಕ್ಕಿಂತ ಚೂರು ಹೆಚ್ಚು. ಅಲ್ಲಿಯ ವರೆಗೆ ಸುಮಾರು 4800 ಅವಿಭಾಜ್ಯಗಳಿವೆ. ಕೈಯಲ್ಲಿ 4800 ಭಾಗಾಕಾರ, ಅದೂ ಹತ್ತು ಅಂಕಿಯ ಸಂಖ್ಯೆಯದ್ದು! ಲಿಯೊನಾರ್ಡ್ ಆಯ್ಲರ್ ಆಗ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದರು. ಬರ್ನೂಲಿಗೆ ಬರೆದ ಪತ್ರದಲ್ಲಿ ಅವರು ತೋರಿಸಿದ್ದು ಏನೆಂದರೆ, ಈ 4800ರಲ್ಲಿ ಬಹುಪಾಲನ್ನ ಮುಟ್ಟಲೇಬೇಕಾಗಿಲ್ಲ. ಯಾಕೆ ಅಂತ ನೋಡೋಣ.

ಒಂದು ಅವಿಭಾಜ್ಯ 'ಭ' ನಮ್ಮ ಸಂಖ್ಯೆಯನ್ನ ಭಾಗಿಸುತ್ತೆ ಅಂತ ಇಟ್ಟುಕೊಳ್ಳೋಣ. ಹಾಗಾದರೆ ಆ ಭ ಹೇಗಿರಬೇಕು?

ಮೊದಲ ಜರಡಿ. ಭ, 2³¹ − 1 ಅನ್ನು ಭಾಗಿಸುತ್ತೆ ಅಂದರೆ 2³¹ ಅನ್ನು ಭದಿಂದ ಭಾಗಿಸಿದಾಗ ಶೇಷ 1. ಈಗ 2, 4, 8, 16 ಅಂತ ಘಾತಗಳನ್ನ ಬರೆಯುತ್ತಾ ಪ್ರತಿಯೊಂದಕ್ಕೂ ಭದಿಂದ ಶೇಷ ತೆಗೆಯಿರಿ. ಶೇಷಗಳು ಒಂದು ಚಕ್ರದಂತೆ ತಿರುಗಿ ಮತ್ತೆ 1ಕ್ಕೆ ಬರುತ್ತವೆ. ಆ ಚಕ್ರದ ಉದ್ದ 31 ಅನ್ನು ಭಾಗಿಸಬೇಕು. 31 ಅವಿಭಾಜ್ಯ, ಹಾಗಾಗಿ ಉದ್ದ 1 ಅಥವಾ 31. ಉದ್ದ 1 ಅಂದರೆ 2ರ ಶೇಷವೇ 1 ಅಂತಾಗುತ್ತೆ, ಅದು ಸಾಧ್ಯವಿಲ್ಲ. ಆದ್ದರಿಂದ ಚಕ್ರದ ಉದ್ದ ಸರಿಯಾಗಿ 31. ಇನ್ನು ಫರ್ಮಾನ ಕಿರು ಪ್ರಮೇಯದ ಪ್ರಕಾರ 2ರ (ಭ − 1)ನೇ ಘಾತದ ಶೇಷವೂ 1. ಅಂದರೆ ಭ − 1 ಅನ್ನು 31 ಭಾಗಿಸಬೇಕು. ಭ ಬೆಸ ಸಂಖ್ಯೆ, ಭ − 1 ಸಮ ಸಂಖ್ಯೆ. ಎರಡೂ ಸೇರಿಸಿದರೆ ಭ = 62ಕ + 1 ರೂಪದಲ್ಲೇ ಇರಬೇಕು.

ಎರಡನೇ ಜರಡಿ. 2³¹ರ ಶೇಷ 1 ಆದರೆ 2³²ರ ಶೇಷ 2. ಆದರೆ 2³² ಅಂದರೆ 2¹⁶ರ ವರ್ಗ. ಅಂದರೆ ಭದ ಲೆಕ್ಕದಲ್ಲಿ 2 ಒಂದು ವರ್ಗಸಂಖ್ಯೆಯ ಶೇಷ. 2 ಹೀಗೆ ವರ್ಗದ ಶೇಷ ಆಗೋದು 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಸುವ ಬೆಸ ಅವಿಭಾಜ್ಯಗಳಿಗೆ ಮಾತ್ರ. ಇದು ಸಂಖ್ಯಾಶಾಸ್ತ್ರದ ಒಂದು ಹೆಸರಾಂತ ನಿಯಮ.

ಎರಡು ಜರಡಿಗಳನ್ನೂ ಒಟ್ಟಿಗೆ ಹಿಡಿಯೋಣ. 62ಕ + 1 ಅಂದರೆ 1, 63, 125, 187, ಆಮೇಲೆ 248ಕ್ಕೊಮ್ಮೆ ಮತ್ತೆ ಅದೇ ಆವರ್ತನೆ. ಈ ನಾಲ್ಕನ್ನ 8ರಿಂದ ಭಾಗಿಸಿದರೆ ಶೇಷ ಕ್ರಮವಾಗಿ 1, 7, 5, 3. ಮೊದಲೆರಡು ಉಳೀತವೆ, ಮಿಕ್ಕವು ಬಿದ್ದುಹೋಗುತ್ತವೆ. ಹಾಗಾಗಿ ಭ ಅನ್ನೋದು 248ಕ + 1 ಅಥವಾ 248ಕ + 63 ರೂಪದಲ್ಲಿ ಮಾತ್ರ ಇರಬಹುದು.

46340ರ ವರೆಗೆ ಇಂಥ ಸಂಖ್ಯೆಗಳು ಒಟ್ಟು 373 ಮಾತ್ರ. ಅದರಲ್ಲೂ 63, 249 ಅಂಥವು ಅವಿಭಾಜ್ಯವೇ ಅಲ್ಲ, ಅವನ್ನ ಬಿಡಬಹುದು. ನಿಜವಾಗಿ ಭಾಗಿಸಿ ನೋಡಬೇಕಾದ ಮೊದಲ ಅವಿಭಾಜ್ಯ 311. ಕೊನೆಗೆ ಉಳಿಯೋದು ಸುಮಾರು ಎಂಬತ್ತು. 4800 ಎಲ್ಲಿ, 80 ಎಲ್ಲಿ! ಅರವತ್ತರಲ್ಲಿ ಒಂದು ಪಾಲು ಕೆಲಸ. ಅವುಗಳಲ್ಲಿ ಒಂದೂ ಭಾಗಿಸೋದಿಲ್ಲ, ಆದ್ದರಿಂದ 2147483647 ಅವಿಭಾಜ್ಯ.

ಈ ಜರಡಿಯ ಬಲ ಗೊತ್ತಾಗಬೇಕಾದರೆ ಪಕ್ಕದ ಸಂಖ್ಯೆ 2²⁹ − 1 = 536870911 ತಗೊಳ್ಳಿ. ಅಲ್ಲಿ ಭ = 58ಕ + 1. ಮೊದಲ ಅಭ್ಯರ್ಥಿ 59, ಆದರೆ ಅದನ್ನ 8ರಿಂದ ಭಾಗಿಸಿದರೆ 3 ಉಳಿಯುತ್ತೆ, ಬೇಡ. 117, 175 ಅವಿಭಾಜ್ಯಗಳಲ್ಲ. ನಾಲ್ಕನೆಯದು 233. ಭಾಗಿಸಿ ನೋಡಿ, ನಿಶ್ಶೇಷ! ಪೂರ್ತಿ ಅಪವರ್ತನ 233 × 1103 × 2089. ಒಂದೇ ಭಾಗಾಕಾರಕ್ಕೆ ಉತ್ತರ ಬಂತು.

ಅಲ್ಗಾರಿದಮ್ ಕ್ಲಾಸಿನಲ್ಲಿ ನಾವು ಕಲಿಯೋ ಪಾಠವೂ ಇದೇ. ಲೂಪನ್ನ ವೇಗವಾಗಿ ಓಡಿಸೋಕೆ ಹೋಗೋದಕ್ಕಿಂತ, ಓಡಿಸಬೇಕಾಗಿಲ್ಲದ ಸುತ್ತುಗಳನ್ನ ಮೊದಲೇ ಗುರುತಿಸೋದು ದೊಡ್ಡ ಲಾಭ.

ಅಪವರ್ತನ ಹುಡುಕದೇ ಉತ್ತರ

ಆಯ್ಲರ್ ದಾರಿಗೂ ಒಂದು ಮಿತಿ ಇದೆ. ಘಾತಾಂಕ ನೂರು ದಾಟಿದರೆ ಅಭ್ಯರ್ಥಿಗಳ ಸಂಖ್ಯೆ ಕೈಮೀರುತ್ತೆ. 19ನೇ ಶತಮಾನದಲ್ಲಿ ಫ್ರಾನ್ಸಿನ ಎಡ್ವರ್ಡ್ ಲ್ಯೂಕಾಸ್ ಬೇರೆಯದೇ ದಾರಿ ಹುಡುಕಿದರು, 20ನೇ ಶತಮಾನದಲ್ಲಿ ಅಮೆರಿಕದ ಡಿ. ಎಚ್. ಲೆಹ್ಮರ್ ಅದನ್ನ ಈಗಿನ ರೂಪಕ್ಕೆ ತಂದರು. ಪರೀಕ್ಷೆ ಎಷ್ಟು ಸರಳ ಅಂದರೆ, 4ರಿಂದ ಶುರು ಮಾಡಿ. ಪ್ರತಿ ಸಲ ವರ್ಗ ಮಾಡಿ, 2 ಕಳೆದು, 2^ಪ − 1ರಿಂದ ಶೇಷ ತೆಗೆಯಿರಿ. ಹೀಗೆ ಪ − 2 ಸಲ ಮಾಡಿದ ಮೇಲೆ 0 ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. ಪ ಬೆಸ ಅವಿಭಾಜ್ಯ ಆಗಿರಬೇಕು, ಅಷ್ಟೇ.

ಪ = 5 ಇಟ್ಟು ನೋಡೋಣ, ಸಂಖ್ಯೆ 31. ಶುರು 4. ಮೊದಲ ಹೆಜ್ಜೆ 16 − 2 = 14. ಎರಡನೇ ಹೆಜ್ಜೆ 196 − 2 = 194, 31ರಿಂದ ಶೇಷ 8. ಮೂರನೇ ಹೆಜ್ಜೆ 64 − 2 = 62, ಶೇಷ 0. ಆಯ್ತು, 31 ಅವಿಭಾಜ್ಯ.

ನಮ್ಮ 2147483647ಕ್ಕೆ ಬರೀ 29 ಹೆಜ್ಜೆ. 2024ರ ಅಕ್ಟೋಬರ್‌ನಲ್ಲಿ ಘೋಷಣೆಯಾದ 2^136279841 − 1 ಅನ್ನೋ ಸಂಖ್ಯೆಯಲ್ಲಿ 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕಿಗಳಿವೆ. ಅದನ್ನ ಖಚಿತಪಡಿಸಿದ್ದೂ ಇದೇ ಪರೀಕ್ಷೆ.

"ಕುತೂಹಲಕ್ಕಷ್ಟೇ" ಅಂದಿದ್ದರು

ಒಂದು ಮರ್ಸೆನ್ ಅವಿಭಾಜ್ಯ ಸಿಕ್ಕಿದರೆ ಒಂದು ಪರಿಪೂರ್ಣ ಸಂಖ್ಯೆಯೂ ಉಚಿತವಾಗಿ ಸಿಗುತ್ತೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗೇ ಸಮ ಆಗುವ ಸಂಖ್ಯೆ ಪರಿಪೂರ್ಣ. ಉದಾಹರಣೆಗೆ 6 = 1 + 2 + 3. ನಮ್ಮ ಸಂಖ್ಯೆಯಿಂದ ಬರೋದು 2³⁰ × (2³¹ − 1) = 2305843008139952128, ಎಂಟನೇ ಪರಿಪೂರ್ಣ ಸಂಖ್ಯೆ.

1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೋ ತಮ್ಮ ಸಂಖ್ಯಾಶಾಸ್ತ್ರದ ಪುಸ್ತಕದಲ್ಲಿ ಈ ಸಂಖ್ಯೆಯ ಬಗ್ಗೆ ಬರೆಯುತ್ತಾ, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆ ಮುಂದೆಂದೂ ಸಿಗಲಿಕ್ಕಿಲ್ಲ, ಯಾಕೆಂದರೆ ಇವು ಕುತೂಹಲಕ್ಕೆ ಸರಿ, ಉಪಯೋಗಕ್ಕಲ್ಲ, ಹಾಗಾಗಿ ಯಾರೂ ಹುಡುಕೋ ಕಷ್ಟ ತಗೊಳ್ಳೋದಿಲ್ಲ ಅನ್ನೋ ಅರ್ಥದ ಮಾತು ಹೇಳಿದ್ದರು. 2147483647 ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮನುಷ್ಯರಿಗೆ ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯವಾಗಿತ್ತು, ಆದ್ದರಿಂದ ಆ ಮಾತು ಅಂದಿಗೆ ಸಹಜವೇ. ಆದರೆ ಉಪಯೋಗಕ್ಕಲ್ಲ ಅನ್ನೋದನ್ನ ಮುಂದಿನ ಭಾಗ ಓದಿ ನೀವೇ ತೀರ್ಮಾನಿಸಿ.

ಶೇಷ ತೆಗೆಯೋದು ಅಗ್ಗ, ಚಕ್ರ ಉದ್ದ

10ರ ಘಾತಗಳನ್ನ 9ರಿಂದ ಭಾಗಿಸಿದರೆ ಯಾವಾಗಲೂ 1 ಉಳಿಯುತ್ತೆ. ಅದಕ್ಕೇ ಒಂದು ಸಂಖ್ಯೆಯ ಅಂಕಿಗಳನ್ನ ಕೂಡಿದರೆ 9ರ ಶೇಷ ಸಿಗೋದು. ಹಾಗೆಯೇ 2³¹ ಅನ್ನು 2³¹ − 1ರಿಂದ ಭಾಗಿಸಿದರೆ ಉಳಿಯೋದು 1. ಆದ್ದರಿಂದ ಒಂದು ದೊಡ್ಡ ಸಂಖ್ಯೆಯ ಕೆಳಗಿನ 31 ಬಿಟ್‌ಗಳನ್ನೂ ಮೇಲಿನ ಬಿಟ್‌ಗಳನ್ನೂ ಬೇರೆ ಮಾಡಿ ಕೂಡಿದರೆ ಸಾಕು. ಮೊತ್ತ ಗಡಿ ದಾಟಿದರೆ ಮತ್ತೆ ಅದೇ ಕೆಲಸ. ಕೊನೆಗೆ ಬಂದದ್ದು 2³¹ − 1 ಆಗಿದ್ದರೆ ಅದನ್ನ 0 ಅಂತ ಓದಬೇಕು. ಭಾಗಾಕಾರವೇ ಬೇಡ, ಒಂದು ಶಿಫ್ಟ್, ಒಂದು ಆಂಡ್, ಒಂದು ಸಂಕಲನ. ಸಣ್ಣದರಲ್ಲಿ ನೋಡಿ: 1000ವನ್ನ 31ರಿಂದ ಭಾಗಿಸಬೇಕು. 1000 = 31 × 32 + 8. ಇಲ್ಲಿ 32ರ ಬದಲು 1 ಇಟ್ಟರೆ 31 + 8 = 39. ಅದರಲ್ಲಿ 31 ಕಳೆದರೆ 8. ಸರಿ ಇದೆ.

ಇನ್ನು ಚಕ್ರದ ವಿಷಯ. ಸಿಮ್ಯುಲೇಶನ್‌ಗೆ, ಆಟಗಳಿಗೆ ರ್ಯಾಂಡಮ್ ಸಂಖ್ಯೆ ಬೇಕು. ಅತಿ ಸರಳ ವಿಧಾನ: ಈಗಿನ ಸಂಖ್ಯೆಯನ್ನ ಒಂದು ಸ್ಥಿರ ಗುಣಕದಿಂದ ಗುಣಿಸು, ಶೇಷ ತೆಗೆ, ಅದೇ ಮುಂದಿನ ಸಂಖ್ಯೆ. 31ರ ಲೆಕ್ಕದಲ್ಲಿ 3ರಿಂದ ಗುಣಿಸುತ್ತಾ ಹೋಗಿ: 1, 3, 9, 27, 19, 26, 16, 17, 20, 29... ಹೀಗೆ 1ರಿಂದ 30ರ ವರೆಗಿನ ಎಲ್ಲ ಸಂಖ್ಯೆಗಳೂ ಒಮ್ಮೊಮ್ಮೆ ಬಂದ ಮೇಲೇ ಮತ್ತೆ 1 ಬರುತ್ತೆ. 2ರಿಂದ ಗುಣಿಸಿದರೆ 1, 2, 4, 8, 16, ಮತ್ತೆ 1. ಐದೇ ಹೆಜ್ಜೆಗೆ ಚಕ್ರ ಮುಗೀತು. ಎಲ್ಲ ಸಂಖ್ಯೆಗಳನ್ನೂ ಮುಟ್ಟಿ ಬರುವ 3ರಂಥ ಗುಣಕಕ್ಕೆ ಆದಿಮೂಲ ಅನ್ನೋಣ. ಭಾಜಕ ಅವಿಭಾಜ್ಯ ಆಗಿದ್ದರೆ ಆದಿಮೂಲ ಇದ್ದೇ ಇರುತ್ತೆ. ನಮ್ಮ ಸಂಖ್ಯೆಗೆ ಅತಿ ಸಣ್ಣ ಆದಿಮೂಲ 7.

7 ಆದಿಮೂಲ ಅಂತ ನೋಡೋಕೆ 214 ಕೋಟಿ ಹೆಜ್ಜೆ ನಡೆಯಬೇಕಾ? ಬೇಡ. ನಮ್ಮ ಸಂಖ್ಯೆಯಲ್ಲಿ 1 ಕಳೆದರೆ ಬರುವ 2147483646 = 2 × 3² × 7 × 11 × 31 × 151 × 331. ಏಳು ಬೇರೆ ಬೇರೆ ಅವಿಭಾಜ್ಯಗಳು. 2147483646 ಅನ್ನು ಒಂದೊಂದರಿಂದ ಭಾಗಿಸಿ, 7ರ ಆ ಘಾತದ ಶೇಷ 1 ಬರುತ್ತಾ ಅಂತ ನೋಡಿದರೆ ಸಾಕು. ಏಳರಲ್ಲಿ ಒಂದು ಕಡೆಯೂ 1 ಬರೋದಿಲ್ಲ. ಕೆಲಸ ಮುಗೀತು, ಏಳೇ ಪರೀಕ್ಷೆ! ಒಟ್ಟು ಆದಿಮೂಲಗಳು 53,46,00,000 ಇವೆ.

7ರ ಐದನೇ ಘಾತ 16807. ಮೇಲಿನ ಅಪವರ್ತನದಲ್ಲಿ 5 ಇಲ್ಲ, ಹಾಗಾಗಿ 16807 ಕೂಡ ಆದಿಮೂಲ. ಇದೇ ಗುಣಕ, ಇದೇ ಅವಿಭಾಜ್ಯ ಸೇರಿಸಿದ ವಿಧಾನವನ್ನ 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಕನಿಷ್ಠ ಮಾನದಂಡ ಅಂತ ಮುಂದಿಟ್ಟರು. ಸಿ ಪ್ಲಸ್ ಪ್ಲಸ್ ಲೈಬ್ರರಿಯಲ್ಲಿ ಮಿನ್‌ಸ್ಟಡ್ ರ್ಯಾಂಡ್ ಅನ್ನೋ ಹೆಸರಲ್ಲಿ ಅದರ ಎರಡು ರೂಪಗಳು ಇವತ್ತಿಗೂ ಇವೆ. ಒಂದರ ಗುಣಕ 16807, ಇನ್ನೊಂದರದ್ದು 48271.

ಒಂದೇ ಒಂದು ವ್ಯತ್ಯಾಸ ಎಷ್ಟು ಮುಖ್ಯ ಅನ್ನೋದಕ್ಕೆ ರ್ಯಾಂಡು ಅನ್ನೋ ಹಳೆಯ ಜನರೇಟರ್ ಸಾಕ್ಷಿ. 1960ರ ದಶಕದಿಂದ ಬಹಳ ಕಡೆ ಬಳಸಿದ ಇದರಲ್ಲಿ ಭಾಜಕ 2³¹ − 1 ಅಲ್ಲ, 2³¹. ಗುಣಕ 65539, ಅಂದರೆ 2¹⁶ + 3. ಶೇಷ ತೆಗೆಯೋದು ಬಲು ಸುಲಭ ಅಂತ ಆರಿಸಿದ್ದು. ಆದರೆ ಈ ಗುಣಕವನ್ನ ವರ್ಗ ಮಾಡಿ 2³¹ರಿಂದ ಶೇಷ ತೆಗೆದರೆ, ಯಾವ ಸಂಖ್ಯೆ ಬಂದರೂ ಅದು ಹಿಂದಿನದರ 6 ಪಟ್ಟಿನಿಂದ ಅದರ ಹಿಂದಿನದರ 9 ಪಟ್ಟು ಕಳೆದದ್ದು ಅಂತ ಗೊತ್ತಾಗುತ್ತೆ. ಮೂರು ಮೂರು ಸಂಖ್ಯೆ ತೆಗೆದುಕೊಂಡು ಘನದೊಳಗೆ ಚುಕ್ಕಿ ಇಟ್ಟರೆ ಚುಕ್ಕಿಗಳೆಲ್ಲ ಬರೀ 15 ಸಮತಲಗಳ ಮೇಲೆ ಬಂದು ಕೂರುತ್ತವೆ. ಸಿಮ್ಯುಲೇಶನ್ ನಂಬಿಕೊಂಡು ಲೆಕ್ಕ ಮಾಡಿದವರಿಗೆ ಇದು ಸಣ್ಣ ವಿಷಯ ಅಲ್ಲ. ತಪ್ಪು ಭಾಜಕದ ಜೊತೆ ಕೆಟ್ಟ ಗುಣಕವೂ ಸೇರಿದ್ದರಿಂದ ಹೀಗಾಯ್ತು.

ಹಾಗಂತ 16807ರ ವಿಧಾನವನ್ನೂ ಎಲ್ಲೆಂದರಲ್ಲಿ ಹಾಕಬಾರದು. ಒಂದು ಸಂಖ್ಯೆ ಗೊತ್ತಾದರೆ ಮುಂದಿನದೆಲ್ಲ ಗೊತ್ತಾಗುತ್ತೆ. ಪ್ರಾಜೆಕ್ಟಿನಲ್ಲಿ ಓಟಿಪಿ, ಪಾಸ್‌ವರ್ಡ್ ಮಾಡೋಕೆ ಇದನ್ನ ಖಂಡಿತ ಬಳಸಬೇಡಿ. 214 ಕೋಟಿಯ ಚಕ್ರವನ್ನ ಇವತ್ತಿನ ಲ್ಯಾಪ್‌ಟಾಪ್ ಕೆಲವೇ ಸೆಕೆಂಡುಗಳಲ್ಲಿ ಸುತ್ತಿ ಬರುತ್ತೆ.

ಗಡಿ ದಾಟಿದಾಗ

2014ರ ಡಿಸೆಂಬರ್‌ನಲ್ಲಿ 'ಗಂಗ್ನಮ್ ಸ್ಟೈಲ್' ಹಾಡಿನ ವೀಕ್ಷಣೆ 2147483647 ದಾಟೋದರಲ್ಲಿತ್ತು, ಯೂಟ್ಯೂಬ್ ತನ್ನ ಎಣಿಕೆಯನ್ನ 64 ಬಿಟ್‌ಗೆ ಏರಿಸಿತ್ತು. ಅದು ತಮಾಷೆಯ ಸುದ್ದಿ. ಮುಂದಿನದು ತಮಾಷೆ ಅಲ್ಲ.

ಯೂನಿಕ್ಸ್ ಮಾದರಿಯ ವ್ಯವಸ್ಥೆಗಳು 1970ರ ಜನವರಿ 1ರಿಂದ ಎಷ್ಟು ಸೆಕೆಂಡು ಕಳೆದವು ಅಂತ ಎಣಿಸಿ ಸಮಯ ಇಟ್ಟುಕೊಳ್ಳುತ್ತವೆ. ಆ ಎಣಿಕೆ 32 ಬಿಟ್‌ನಲ್ಲಿದ್ದರೆ 2038ರ ಜನವರಿ 19, ಮಂಗಳವಾರ, ನಮ್ಮ ಸಮಯ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಅದು 2147483647 ಮುಟ್ಟುತ್ತೆ. ಮರುಕ್ಷಣ ಋಣ ಸಂಖ್ಯೆಗೆ ಹಾರಿ, ದಿನಾಂಕ 1901ರ ಡಿಸೆಂಬರ್‌ಗೆ ಹೋಗುತ್ತೆ. ನಮ್ಮ ಹೊಸ ಲ್ಯಾಪ್‌ಟಾಪ್‌ಗಳಲ್ಲಿ 64 ಬಿಟ್ ಸಮಯ ಇದೆ, ಚಿಂತೆ ಇಲ್ಲ. ಆದರೆ ಒಮ್ಮೆ ಕೂರಿಸಿದರೆ ಹತ್ತಿಪ್ಪತ್ತು ವರ್ಷ ಯಾರೂ ಮುಟ್ಟದ ಎಂಬೆಡೆಡ್ ಬೋರ್ಡುಗಳು, ಹಳೆಯ ಫೈಲ್ ಫಾರ್ಮ್ಯಾಟುಗಳು, ಡೇಟಾಬೇಸ್ ಕಾಲಂಗಳು ಇರುತ್ತವಲ್ಲ, ಅವುಗಳ ಕಥೆ ಬೇರೆ. ಆ ಹೊತ್ತಿಗೆ ಅವನ್ನ ಸರಿಪಡಿಸೋ ಸ್ಥಾನದಲ್ಲಿ ಇರೋದು ಇವತ್ತು ಕ್ಲಾಸಿನಲ್ಲಿ ಕೂತಿರೋ ನಾವೇ.

ಅದೇ ಜರಡಿ, ಇನ್ನೂ ದೊಡ್ಡ ಸಂಖ್ಯೆಗೆ

2³ − 1 = 7. 2⁷ − 1 = 127. 2⁵ − 1 = 31, 2³¹ − 1 ನಮ್ಮ ಸಂಖ್ಯೆ. ಮರ್ಸೆನ್ ಅವಿಭಾಜ್ಯವನ್ನೇ ಘಾತಾಂಕವಾಗಿ ಇಟ್ಟರೆ ಮತ್ತೆ ಅವಿಭಾಜ್ಯ ಬರುತ್ತಲ್ಲ, ಹಾಗಾದರೆ 2^2147483647 − 1 ಕೂಡ ಅವಿಭಾಜ್ಯ ಇರಬಹುದಾ? ಈ ಸಂಖ್ಯೆಗೆ 64 ಕೋಟಿಗೂ ಹೆಚ್ಚು ಅಂಕಿಗಳು. ಭಾಗಿಸೋದಿರಲಿ, ಬರೆದಿಡೋದೇ ಕಷ್ಟ.

ಆದರೂ ಇದು ಅವಿಭಾಜ್ಯ ಅಲ್ಲ ಅಂತ ನಮಗೆ ಗೊತ್ತು. ಆಯ್ಲರ್ ಬಳಸಿದ ಅದೇ ವಾದ ಇಲ್ಲೂ ನಡೆಯುತ್ತೆ: ಭಾಜಕ ಇದ್ದರೆ ಅದು 2 × ಕ × 2147483647 + 1 ರೂಪದಲ್ಲಿರಬೇಕು. ಕ = 68745 ಇಟ್ಟರೆ 295257526626031. ಬರೀ 15 ಅಂಕಿ. ಇದು ಆ ದೈತ್ಯ ಸಂಖ್ಯೆಯನ್ನ ನಿಶ್ಶೇಷವಾಗಿ ಭಾಗಿಸುತ್ತೆ. ಪರೀಕ್ಷಿಸೋಕೆ 64 ಕೋಟಿ ಅಂಕಿ ಬೇಡ. 2ರಿಂದ ಶುರು ಮಾಡಿ ವರ್ಗ ಮಾಡುತ್ತಾ, ಈ 15 ಅಂಕಿಯ ಸಂಖ್ಯೆಯಿಂದ ಶೇಷ ತೆಗೆಯುತ್ತಾ 31 ಸಲ ಹೋದರೆ ಕೊನೆಗೆ 2 ಬರುತ್ತೆ. ಯಾಕೆ 31, ಯಾಕೆ 2 ಅಂತ ಯೋಚಿಸೋದು ನಿಮಗೆ ಬಿಟ್ಟದ್ದು. 2³² ಮತ್ತು 2¹⁶ರ ಮಾತು ಮೇಲೆ ಬಂದಿತ್ತಲ್ಲ, ಸುಳಿವು ಅಲ್ಲೇ ಇದೆ.

ಮಾಡಿ ನೋಡಿ

1. 2²³ − 1 = 8388607. ಇದರ ಭಾಜಕ ಯಾವ ರೂಪದಲ್ಲಿರಬೇಕು? ಮೊದಲ ಅಭ್ಯರ್ಥಿಯಿಂದಲೇ ಭಾಗಿಸಿ ನೋಡಿ.

2. ಲ್ಯೂಕಾಸ್ ಪರೀಕ್ಷೆಯನ್ನ ಪ = 7ಕ್ಕೆ ಕೈಯಲ್ಲಿ ಮಾಡಿ. ಐದು ಹೆಜ್ಜೆ. ನಡುವೆ 67, 42, 111 ಬಂದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ. ಆಮೇಲೆ ಪ = 11ಕ್ಕೆ ಮಾಡಿ, ಕೊನೆಗೆ 0 ಯಾಕೆ ಬರಬಾರದು ಅಂತ ಮೊದಲೇ ಹೇಳಿ.

3. 1ರಿಂದ ಶುರು ಮಾಡಿ 16807ರಿಂದ ಗುಣಿಸಿ ಶೇಷ ತೆಗೆಯೋ ಪ್ರೋಗ್ರಾಂ ಬರೆಯಿರಿ. ಮೊದಲ ಮೂರು ಉತ್ತರ 16807, 282475249, 1622650073. ಹತ್ತು ಸಾವಿರನೇ ಉತ್ತರ 1043618065 ಬರಬೇಕು. ಬೇರೆ ಬಂದರೆ ಗುಣಾಕಾರ 32 ಬಿಟ್‌ನಲ್ಲೇ ಓವರ್‌ಫ್ಲೋ ಆಗಿರುತ್ತೆ, ಅಲ್ಲಿ ನೋಡಿ.

4. ಕೊನೆಯದು ಪೈಥಾನ್ ಇದ್ದವರಿಗೆ: 295257526626031ರ 31 ವರ್ಗಗಳ ಪರೀಕ್ಷೆ. ನಾಲ್ಕು ಸಾಲಿನ ಪ್ರೋಗ್ರಾಂ, ಉತ್ತರ ಕಣ್ಣು ಮಿಟುಕಿಸೋದರೊಳಗೆ ಬರುತ್ತೆ. ಸಿ ಬಳಸುವವರು ಮಾತ್ರ ಜೋಪಾನ, ವರ್ಗ ಮಾಡಿದಾಗ 29 ಅಂಕಿಯ ವರೆಗೂ ಆಗುತ್ತೆ, ಲಾಂಗ್ ಲಾಂಗ್ ಕೂಡ ಸಾಲೋದಿಲ್ಲ.

ಉತ್ತರಗಳನ್ನ ಕನ್ನಡದಲ್ಲೇ ಬರೆದು ಸಂಘದ ನೋಟಿಸ್ ಬೋರ್ಡಿಗೆ ಅಂಟಿಸಿ. ಮೊದಲನೇ ಪ್ರಶ್ನೆಗೆ ಒಂದು ಸಾಲು ಸಾಕು. ನಾಲ್ಕನೆಯದಕ್ಕೆ 'ಯಾಕೆ 2' ಅನ್ನೋದರ ವಿವರಣೆಯೂ ಇರಲಿ.